ಮೇಲಿನ ಚಿಲಕ

ಜುಲೈ 29

ಬಲಗೈಗೆ ಏನಾದರೂ ಕೆಲಸ ಕೊಡುತ್ತಿರಿ ಎಂದರು ಡಾಕ್ಟರು. ಹೆಗಲು ಹಿಡಿದುಕೊಂಡು ವರ್ಷವಾಗುತ್ತ ಬಂತು. ಕೈ ಎದೆಯ ಮಟ್ಟದವರೆಗೆ ಬರುತ್ತದೆ, ಅಲ್ಲಿಂದ ಮೇಲೆ ಹೋಗು ಎಂದರೆ ಪ್ರಾಣವೇ ಹೋಗುತ್ತದೆ. ಮೇಜಿನ ಮೇಲೆ ಕೈಯಿಟ್ಟುಕೊಂಡು ಮಾಡಬಹುದಾದದ್ದು ಬರೆಯುವುದೊಂದೇ. ಅದಕ್ಕೇ ಈ ಬರವಣಿಗೆ. ಇದರಲ್ಲಿ ಯಾರೂ ಸಾಹಿತ್ಯ ಹುಡುಕಬಾರದು. ಯಾರೂ ಓದಲೂಬಾರದು.

ನಾನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿನಿಲಯದ ವಾರ್ಡನ್. ಆರು ಕೋಣೆ, ಒಂದು ಊಟದ ಮನೆ, ಪಕ್ಕಕ್ಕೆ ಅಂಟಿಕೊಂಡಂತೆ ನನ್ನ ವಸತಿ. ನಿಲಯ ಕಟ್ಟಿ ನಾಲ್ಕು ವರ್ಷವಾದರೂ ಇಲ್ಲಿ ಒಬ್ಬ ವಿದ್ಯಾರ್ಥಿಯೂ ಬಂದು ಇದ್ದಿಲ್ಲ. ಬೇರೆ ದೇಶದ ವಿಶ್ವವಿದ್ಯಾಲಯಗಳ ಜೊತೆ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ವಿನಿಮಯ ಮಾಡಿಕೊಳ್ಳಬೇಕಾದರೆ ಮೊದಲು ಮಾನ್ಯತೆ ಸಿಗಬೇಕು. ಮಾನ್ಯತೆ ಸಿಗಬೇಕಾದರೆ ಮೊದಲು ನಿಲಯ ಇರಬೇಕು. ಹಾಗಾಗಿ ನಿಲಯವಿದೆ, ನಿಲಯವಿರುವುದರಿಂದ ನಾನಿದ್ದೇನೆ. ತಮ್ಮ ಫೋನ್ ಮಾಡಿದಾಗಲೆಲ್ಲ, "ಅಕ್ಕಾ, ಖಾಲಿ ಮನೆ ಕಾಯೋಕೂ ಸಂಬಳ ಕೊಡ್ತಾರಾ?" ಎಂದು ಕೇಳುತ್ತಾನೆ. ಕೊಡುತ್ತಾರೆ ಕಣಪ್ಪ.

ಮುಂಬಾಗಿಲಿನ ಮೇಲಿನ ಚಿಲಕಕ್ಕೆ ನನ್ನ ಕೈ ಹೋಗುವುದಿಲ್ಲ. ಅದನ್ನು ಕಿತ್ತು ಒಂದು ಮೊಳ ಕೆಳಗೆ ಕೂರಿಸಿಕೊಡಲು ಬಡಗಿಯನ್ನು ಕಳಿಸಿ ಎಂದು ಇವತ್ತು ಕಚೇರಿಗೆ ಅರ್ಜಿ ಕೊಟ್ಟೆ. ಅಲ್ಲಿಯತನಕ ಕೆಳಗಿನ ಚಿಲಕವೊಂದರ ಮೇಲೆ ಭಾರ ಹಾಕಿ ಮಲಗುವುದು.

ಆಗಸ್ಟ್ 4

ಕುಲಸಚಿವರು ಕರೆಸಿದ್ದರು. ಇವರ ಸುತ್ತೋಲೆಗಳೆಲ್ಲ "ತುರ್ತು" ಎಂದೇ ಶುರುವಾಗುವುದರಿಂದ ಕ್ಯಾಂಪಸ್ಸಿನಲ್ಲಿ ಇವರಿಗೆ ತುರ್ತು ಸಾಹೇಬರು ಎಂದೇ ಹೆಸರು. ಬಡಗಿಯ ವಿಷಯ ಇರಬಹುದೆಂದು ಹೋದೆ.

"ಮೇಡಂ, ನಿಮ್ಮ ನಿಲಯಕ್ಕೆ ಒಬ್ಳು ಹುಡುಗಿ ಬರ್ತಿದಾಳೆ. ಹೊರದೇಶದೋಳು. ಫಿಸಿಯೋಥೆರಪಿ ಓದ್ತಾಳೆ. ಒಂದು ಸೆಮಿಸ್ಟರ್ ಇರ್ತಾಳೆ."

"ನಮಗಿನ್ನೂ ಮಾನ್ಯತೆ ಬಂದಿಲ್ಲವಲ್ಲ ಸಾರ್?"

"ಅದೇ ಈಗ ಕುತ್ತಿಗೆಗೆ ಬಂದಿರೋದು."

ಆಗಿರುವುದು ಇಷ್ಟು. ಮಾನ್ಯತಾ ಮಂಡಳಿ ಅರ್ಜಿ ಹಾಕಿದವರ ಪಟ್ಟಿಯನ್ನೂ ಹೊರಡಿಸುತ್ತದೆ, ಮಾನ್ಯತೆ ಪಡೆದವರ ಪಟ್ಟಿಯನ್ನೂ ಹೊರಡಿಸುತ್ತದೆ. ಆ ಕಡೆಯ ವಿಶ್ವವಿದ್ಯಾಲಯದವರು ಮೊದಲನೆಯದನ್ನು ಎರಡನೆಯದೆಂದುಕೊಂಡು ಹುಡುಗಿಯನ್ನು ವಿಮಾನ ಹತ್ತಿಸಿಬಿಟ್ಟಿದ್ದಾರೆ. ವಾಪಸ್ ಕಳಿಸೋಣವೆಂದರೆ ಅಲ್ಲಿ ತರಗತಿಗೆ ಸೇರುವ ಗಡುವು ಮುಗಿದಿದೆ. ಡಿಸೆಂಬರಿನೊಳಗೆ ನಮಗೆ ಮಾನ್ಯತೆ ಬಂದರೆ ಅವಳು ಇಲ್ಲಿ ಓದಿದ್ದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಬರದಿದ್ದರೆ ಅವಳ ವಿದ್ಯಾರ್ಥಿವೇತನವೂ ಹೋಯಿತು, ಸೀಟೂ ಹೋಯಿತು.

"ಪಾಪ" ಎಂದೆ.

"ಪಾಪ ಯಾಕೆ ಮೇಡಂ? ಸಮಿತಿ ಬಂದಾಗ ತೋರಿಸೋಕೆ ನಮಗೂ ಒಬ್ಬರು ಸಿಕ್ಕ ಹಾಗಾಯ್ತು" ಎಂದರು ಸಾಹೇಬರು. ಸಿಬ್ಬಂದಿ ವಿನಿಮಯದಲ್ಲಿ ಮೊದಲು ಯಾರು ಹೋಗುವುದೆಂಬ ಪಟ್ಟಿ ಆಗಲೇ ಸಿದ್ಧವಾಗಿದೆಯಂತೆ. ಮೊದಲ ಹೆಸರು ಇವರದೇ. ಸೂಟು ಹೊಲಿಯಲು ಕೊಟ್ಟಿದ್ದಾರೆಂದು ಟೈಪಿಸ್ಟ್ ಹೇಳಿದಳು.

ಆಗಸ್ಟ್ 9

ಬಂದಳು. ಐದನೇ ಕೋಣೆ ಕೊಟ್ಟೆ, ನಲ್ಲಿಯಲ್ಲಿ ನೀರು ಬರುವುದು ಅದೊಂದರಲ್ಲೇ. ನಮ್ಮ ಭಾಷೆಯನ್ನು ಅಲ್ಲೇ ಒಂದು ವರ್ಷ ಪುಸ್ತಕ ಇಟ್ಟುಕೊಂಡು ಕಲಿತಿದ್ದಾಳೆ. "ತಮ್ಮ ಆತಿಥ್ಯಕ್ಕೆ ನಾನು ಕೃತಜ್ಞಳಾಗಿದ್ದೇನೆ" ಎಂದಳು. ನನಗೆ ಯಾರೋ ಸನ್ಮಾನ ಮಾಡಿದ ಹಾಗಾಯಿತು. ಬಿಸಿನೀರು ಬೆಳಿಗ್ಗೆ ಒಂದೇ ಹೊತ್ತು, ಕೋಣೆಯಿಂದ ಹೊರಬಂದರೆ ದೀಪ ಆರಿಸಬೇಕು ಎಂದೆ. ಮಂಚ ಅಲ್ಲಾಡುತ್ತದೆ ಎಂದೂ ಹೇಳಿದೆ.

"ಪರವಾಗಿಲ್ಲ" ಎಂದಳು.

ಏನು ಹೇಳಿದರೂ ಇದೊಂದೇ ಮಾತು. ಗುಡಿಸುವವಳು ಆಗಲೇ ಅವಳಿಗೆ ಪರವಾಗಿಲ್ಲಮ್ಮ ಎಂದು ಹೆಸರಿಟ್ಟಿದ್ದಾಳೆ. ನನಗೆ ಅಂಥ ಸಲಿಗೆಯೆಲ್ಲ ಆಗದು. ನಾನು ಐದನೇ ನಂಬರು ಎನ್ನುತ್ತೇನೆ.

ಆಗಸ್ಟ್ 15

ಐದನೇ ನಂಬರಿನ ದೀಪ ಉರಿಯುತ್ತಲೇ ಇತ್ತು. ಹೇಳಿದೆ. ಮರುಗಳಿಗೆಯಲ್ಲೇ ಆರಿಸಿದಳು. ಹೇಳಿದರೆ ಕೇಳುತ್ತಾಳೆ, ಅದೊಂದು ಪುಣ್ಯ.

ನಾನು ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಒದ್ದಾಡುವುದನ್ನು ನೋಡಿ ಬಾಗಿಲಲ್ಲಿ ನಿಂತಳು. "ತಾವು ನೋವನ್ನು ಅನುಭವಿಸುತ್ತಿದ್ದೀರಿ. ನಾನು ತಮ್ಮ ಭುಜವನ್ನು ಪರೀಕ್ಷಿಸಬಹುದೇ?"

"ಬೇಡ. ಅದು ನನ್ನ ಭುಜ."

"ಪರವಾಗಿಲ್ಲ" ಎಂದು ಹೋದಳು.

ಆಗಸ್ಟ್ 24

ಇವತ್ತು ಮಧ್ಯಾಹ್ನ ಊಟದ ಮನೆಯಲ್ಲಿ ಸುಮ್ಮನೆ ಕೂತಿದ್ದಳು. ಈ ಹೊತ್ತಿಗೆ ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ರೋಗಿಗಳ ಜೊತೆ ಇರಬೇಕಾದವಳು. ಯಾಕೆ ಇಲ್ಲಿ ಎಂದು ಕೇಳಿದೆ.

ಚಿಕಿತ್ಸಾಲಯಕ್ಕೆ ಬೀಗ ಬಿದ್ದಿದೆಯಂತೆ. ಮಾನ್ಯತಾ ಸಮಿತಿ ನವೆಂಬರಿನಲ್ಲಿ ಬರುತ್ತದೆ. ಗೋಡೆಗೆ ಬಣ್ಣ ಹೊಡೆದಿದ್ದಾರೆ, ಹೊಸ ಮಂಚ ಹಾಕಿದ್ದಾರೆ. ರೋಗಿಗಳು ಬಂದರೆ ಕೊಳೆಯಾಗುತ್ತದೆ. ಸಮಿತಿ ಬಂದು ಹೋಗುವವರೆಗೆ ರೋಗಿಗಳು ಬೇಡ ಎಂದು ಸುತ್ತೋಲೆ ಬಂದಿದೆ. ಮೇಲೆ "ತುರ್ತು" ಎಂದು ಬರೆದಿದೆ.

"ಹಾಗಾದರೆ ನಿನ್ನ ಪ್ರಾಕ್ಟಿಕಲ್?"

ಒಬ್ಬ ರೋಗಿಯನ್ನಾದರೂ ಮೊದಲಿಂದ ಕೊನೆಯವರೆಗೆ ಅವಳೇ ನೋಡಿಕೊಳ್ಳಬೇಕು, ಅದನ್ನು ಇಲ್ಲಿಯ ಅಧ್ಯಾಪಕರು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಮಾನ್ಯತೆ ಬಂದರೂ ಅವಳು ಫೇಲು. ಇದನ್ನೆಲ್ಲ ಅವಳ ಪುಸ್ತಕದ ಭಾಷೆಯಲ್ಲಿ ಬಹಳ ಮರ್ಯಾದೆಯಾಗಿ ಹೇಳಿ, ಕೊನೆಗೆ ಪರವಾಗಿಲ್ಲ ಎಂದು ಸೇರಿಸಿದಳು.

ನನಗೆ ಮೈ ಉರಿದುಹೋಯಿತು. "ಎಲ್ಲದಕ್ಕೂ ಪರವಾಗಿಲ್ಲ ಅಂತೀಯಲ್ಲ, ಮಂಡೆಯಲ್ಲಿ ಏನಿದೆ ನಿನಗೆ? ಹೋಗಿ ಕೇಳಬಾರದಾ?" ಎಂದು ರೇಗಿದೆ. ಕೇಳಿದ್ದಾಳಂತೆ. ಮೂರು ಸಲ.

ಸಂಜೆ ಫಿಸಿಯೋಥೆರಪಿ ಮೇಡಂಗೆ ಫೋನ್ ಮಾಡಿದೆ. ರೋಗಿ ಚಿಕಿತ್ಸಾಲಯದಲ್ಲೇ ಇರಬೇಕೆಂದು ನಿಯಮವಿದೆಯಾ ಎಂದು ಕೇಳಿದೆ. "ಹಾಗೇನಿಲ್ಲ ಕಣ್ರೀ. ರೋಗಿ ಅಂತ ಒಬ್ರು ಇರಬೇಕು, ನಾನು ಬಂದು ನೋಡಬೇಕು, ಅಷ್ಟೆ" ಎಂದರು.

ನನ್ನ ಹೆಗಲು ಹೇಗೂ ಖಾಲಿ ಬಿದ್ದಿದೆ.

ಆಗಸ್ಟ್ 27

ಅಯ್ಯಯ್ಯೋ.

ಆಗಸ್ಟ್ 30

ನೋವಿನ ವಿಷಯ ಬರೆಯುವುದಿಲ್ಲ ಎಂದುಕೊಂಡಿದ್ದೇನೆ. ಬಿಸಿ ಬಟ್ಟೆ ಇಡುತ್ತಾಳೆ. ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಾಡಿಸಲು ಹೇಳುತ್ತಾಳೆ. ಆಮೇಲೆ ಗೋಡೆಯ ಮುಂದೆ ನಿಲ್ಲಿಸುತ್ತಾಳೆ. ಎರಡು ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ಮೇಲಕ್ಕೆ ನಡೆಸಬೇಕು. ಎಲ್ಲಿ ನಿಂತವೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಗೀಟು ಹಾಕುತ್ತಾಳೆ. ಮೊದಲ ಗೀಟು ನನ್ನ ಗದ್ದದ ಎತ್ತರದಲ್ಲಿದೆ.

"ನಾನು ನಿಮ್ಮನ್ನು ಏನೆಂದು ಸಂಬೋಧಿಸಲಿ?" ಎಂದು ಕೇಳಿದಳು.

"ಮೇಡಂ ಅಂತ ಕರಿ ಸಾಕು."

ಮೇಡಂ ಎಂದೇ ಕರೆದು ಕೈ ತಿರುಚಿದಳು.

ಸೆಪ್ಟೆಂಬರ್ 8

ತಮ್ಮನ ಫೋನು. ಮಧ್ಯೆ ಅವನ ಮಗಳು ಕಸಿದುಕೊಂಡು "ಅತ್ತೆ, ಅತ್ತೆ" ಎಂದು ಕಿವಿ ತೂತು ಮಾಡಿದಳು. ಐದನೇ ನಂಬರು ನನ್ನ ಕೈ ಹಿಡಿದುಕೊಂಡೇ ಕೇಳಿಸಿಕೊಳ್ಳುತ್ತಿತ್ತು. ಫೋನ್ ಇಟ್ಟ ಮೇಲೆ "ಅತ್ತೆ, ಇನ್ನೊಂದು ಸಲ ಮೇಲಕ್ಕೆ" ಎಂದಿತು. ತಿದ್ದಬೇಕೆಂದುಕೊಂಡೆ. ಆದರೆ ಒಲೆಯ ಮೇಲೆ ಹಾಲಿಟ್ಟಿದ್ದೆ, ಎದ್ದು ಓಡಿದೆ.

ಸೆಪ್ಟೆಂಬರ್ 18

ಇವತ್ತು ಅಣಕು ಸಮಿತಿ. ನಿಜವಾದ ಸಮಿತಿ ಬರುವ ಮೊದಲು ಸುಳ್ಳು ಸಮಿತಿಯೊಂದನ್ನು ಕರೆಸಿ ಅಭ್ಯಾಸ ಮಾಡುವುದು ನಮ್ಮಲ್ಲಿಯ ಪದ್ಧತಿ. ನಿವೃತ್ತ ಪ್ರೊಫೆಸರುಗಳು ಮೂವರು ಬಂದು, ಸಮಿತಿಯವರ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಪ್ರಶ್ನೆ ಕೇಳಿ, ಬಿಸ್ಕತ್ತು ತಿಂದು, ಎಲ್ಲ ಅದ್ಭುತವಾಗಿದೆ ಎಂದು ಹೋಗುತ್ತಾರೆ. ಒಬ್ಬರು ನಾಲ್ಕನೇ ಕೋಣೆಯ ಮಂಚದ ಮೇಲೆ ಕೂತು ನೋಡಿ ಅಲ್ಲೇ ಒಂದು ನಿದ್ದೆ ತೆಗೆದರು.

ಐದನೇ ನಂಬರನ್ನು ಕ್ಯಾಂಪಸ್ಸಿನ ತುಂಬ ಓಡಾಡಿಸಿ ಫೋಟೋ ತೆಗೆದಿದ್ದಾರೆ. ಗ್ರಂಥಾಲಯದಲ್ಲಿ ಓದುತ್ತಿರುವಂತೆ, ಮೈದಾನದಲ್ಲಿ ಓಡುತ್ತಿರುವಂತೆ, ಪ್ರಯೋಗಾಲಯದಲ್ಲಿ ಏನನ್ನೋ ಸುರಿಯುತ್ತಿರುವಂತೆ. ಪ್ರತಿ ಫೋಟೋಕ್ಕೂ ಬೇರೆ ಅಂಗಿ. ಒಬ್ಬಳನ್ನೇ ಎಂಟು ಮಂದಿ ಮಾಡಿಬಿಟ್ಟರು.

ಸಾಲದೆಂದು ಮಿಕ್ಕ ಐದು ಕೋಣೆಗಳ ಬಾಗಿಲಿಗೂ ಬಾಯಿಗೆ ಬಂದ ವಿದೇಶೀ ಹೆಸರಿನ ಫಲಕ ಹಾಕಿಸಿದ್ದಾರೆ. ಸಮಿತಿ ಬಂದ ದಿನ ಪಕ್ಕದ ಹಾಸ್ಟೆಲಿನ ಹುಡುಗಿಯರು ಐವರು ಬಂದು ಅದರೊಳಗೆ ಕೂರಬೇಕಂತೆ.

"ಅವರು ನೋಡೋಕೆ ಹೊರದೇಶದವರ ಹಾಗೆ ಇರಬೇಕು" ಎಂದರು ತುರ್ತು ಸಾಹೇಬರು.

"ಅಂದರೆ ಹೇಗಿರಬೇಕು ಸಾರ್?"

ಸ್ವಲ್ಪ ಯೋಚಿಸಿದರು. "ಏನೂ ಅರ್ಥವಾಗದ ಹಾಗೆ ಇದ್ರೆ ಸಾಕು."

ಅದೇನೂ ಕಷ್ಟವಲ್ಲ. ನನಗೂ ಏನೂ ಅರ್ಥವಾಗುತ್ತಿಲ್ಲ.

ಸೆಪ್ಟೆಂಬರ್ 26

ಗೀಟು ಮೂಗಿನ ಮಟ್ಟ ದಾಟಿದೆ. ಫಿಸಿಯೋಥೆರಪಿ ಮೇಡಂ ಶುಕ್ರವಾರ ಶುಕ್ರವಾರ ಬಂದು ಕೂತು ನೋಡುತ್ತಾರೆ, ಹುಡುಗಿಗೆ ಅಲ್ಲಿ ಒತ್ತು ಇಲ್ಲಿ ಒತ್ತಬೇಡ ಎನ್ನುತ್ತಾರೆ. ನನ್ನನ್ನು ಏನೂ ಕೇಳುವುದಿಲ್ಲ. ರೋಗಿ ಎಂದರೆ ಇಷ್ಟೇ ಎಂದು ಈಗ ತಿಳಿಯಿತು.

ನಾನು ಕೂಗಿಕೊಂಡರೆ ಹುಡುಗಿ "ಸುಮ್ನಿರಿ ಅತ್ತೆ, ಏನೂ ಆಗಿಲ್ಲ" ಎನ್ನುತ್ತಾಳೆ. ಪುಸ್ತಕದ ಭಾಷೆ ಎಲ್ಲಿ ಹೋಯಿತೋ. ಇಂಥದ್ದನ್ನೆಲ್ಲ ಯಾರು ಕಲಿಸುತ್ತಿದ್ದಾರೋ.

ಅಕ್ಟೋಬರ್ 6

ಬಣ್ಣದವನು ಬಂದ. ನಿಲಯದ ಒಳಗೋಡೆಗಳಿಗೆಲ್ಲ ಹೊಸ ಬಣ್ಣ, ಇವತ್ತೇ ಮುಗಿಯಬೇಕು. ಒಂದರಿಂದ ಆರನೇ ಕೋಣೆವರೆಗೆ ಮುಗಿಸಿ ಊಟದ ಮನೆಗೆ ಬಂದು, ಪೆನ್ಸಿಲ್ ಗೀಟುಗಳ ಮುಂದೆ ಬ್ರಷ್ಷು ಹಿಡಿದು ನಿಂತ.

"ಇದು ಬಿಡು" ಎಂದೆ.

"ಎಲ್ಲಾ ಗೋಡೆ ಅಂತ ಹೇಳಿದಾರಮ್ಮ."

"ಇದೊಂದು ಬಿಡು ಅಂದೆನಲ್ಲ."

"ಯಾರೋ ಮಕ್ಕಳು ಗೀಚಿದಾರೆ, ಅಸಹ್ಯವಾಗಿ ಕಾಣುತ್ತೆ."

"ಮಕ್ಕಳಲ್ಲ, ನಾನು ಗೀಚಿದ್ದು. ನಿನಗೇನು ಕಷ್ಟ?"

ಅವನಿಗೆ ನಂಬಿಕೆ ಬರಲಿಲ್ಲ. ನಾನು ಗೋಡೆಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೆ. ಅವನು ಹೋಗಿ ತುರ್ತು ಸಾಹೇಬರಿಗೆ ಹೇಳಿದ. ಅವರು ಫೋನ್ ಮಾಡಿದರು. ಗೋಡೆ ಹಸಿಯಾಗಿದೆ ಸಾರ್, ಒಣಗಲಿ ಎಂದೆ. ಸುಳ್ಳು. ಮೂವತ್ತು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ಎದುರಾಡಿದವಳಲ್ಲ ನಾನು. ಗೋಡೆ ಬಿಳಿಯಾದರೆ ನನಗೆ ನಷ್ಟವೇನೂ ಇಲ್ಲ. ಸುಮ್ಮನೆ, ಅವನು ಅಸಹ್ಯ ಎಂದದ್ದು ಸರಿಹೋಗಲಿಲ್ಲ.

ಅಕ್ಟೋಬರ್ 21

ಸಂಜೆ ಹುಡುಗಿ ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವರ ಅಮ್ಮನ ಫೋನ್ ಬಂದಿತ್ತಂತೆ. ಅಮ್ಮ ಬಸ್ ಓಡಿಸುತ್ತಾಳೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ವಿದ್ಯಾರ್ಥಿವೇತನ ಹೋದರೆ ಇನ್ನೊಂದು ವರ್ಷ ಓದಿಸುವ ಶಕ್ತಿ ಅವರಿಗಿಲ್ಲ. ಮಾನ್ಯತೆ ಇನ್ನೂ ಬಂದಿಲ್ಲ ಎನ್ನುವುದನ್ನು ಅಮ್ಮನಿಗೆ ಇವಳು ಹೇಳಿಯೇ ಇಲ್ಲ.

"ಬರದೇ ಇದ್ರೆ ಏನ್ಮಾಡ್ತೀಯ?" ಎಂದೆ.

"ಬಸ್ ಓಡಿಸ್ತೀನಿ" ಎಂದಳು. ತಮಾಷೆಗೆ ಹೇಳಿದ್ದೆಂದು ನಗಲು ಹೋದೆ. ಅವಳು ನಗಲಿಲ್ಲ.

ಒಳಗೆ ಹೋಗಿ ಮೊಟ್ಟೆ ಬೇಯಿಸಿಕೊಟ್ಟೆ. ಎರಡು ತಿಂದಳು. ಆಮೇಲೆ ಎದ್ದು, "ಬನ್ನಿ ಅತ್ತೆ, ಗೋಡೆ" ಎಂದಳು. ಇವತ್ತು ನಾನು ಕೂಗಲಿಲ್ಲ.

ನವೆಂಬರ್ 4

ಎರಡನೆಯ ಅಣಕು ಸಮಿತಿ. ಅದೇ ಮೂವರು. ಅದೇ ಬಿಸ್ಕತ್ತು. ಮಂಚದ ಮೇಲೆ ಮಲಗಿದವರು ಈ ಸಲ ಹೊದಿಕೆ ಕೇಳಿದರು.

ನವೆಂಬರ್ 13

ಸುತ್ತೋಲೆ: ತುರ್ತು. 17ಕ್ಕೆ ಮೂರನೆಯ ಹಾಗೂ ಅಂತಿಮ ಅಣಕು ಸಮಿತಿ, ಈ ಸಲ ಹೊಸ ಮುಖಗಳು, ಬಹಳ ಕಟ್ಟುನಿಟ್ಟಿನವರು. 19ಕ್ಕೆ ನಿಜವಾದ ಸಮಿತಿ. ನಿಲಯದ ವಾರ್ಡನ್ ಅವರು ಊಟದ ಮನೆಯ ಗೋಡೆ ಒಣಗಿದೆಯೇ ಎಂದು ಖಚಿತಪಡಿಸಬೇಕು.

ನವೆಂಬರ್ 17, ಬೆಳಿಗ್ಗೆ

ಅಣಕು ಸಮಿತಿ ಬೆಳಿಗ್ಗೆಯೇ ಬಂದು ಹೋಯಿತು. ಹೊಸ ಮುಖಗಳು ಎಂದದ್ದು ನಿಜ. ಕನ್ನಡಕವನ್ನು ಸರಪಳಿಯಲ್ಲಿ ತೂಗಿಹಾಕಿಕೊಂಡ ಒಬ್ಬ ಹೆಂಗಸು, ಕಿವಿಗೆ ಮಿಷನ್ ಹಾಕಿಕೊಂಡ ಒಬ್ಬ ಮುದುಕರು. ಜೊತೆಗೆ ಯಾರೂ ಇಲ್ಲ. ನಾನು ರಾತ್ರಿಯೆಲ್ಲ ಹುಡುಗಿಯ ವಿಷಯ ಯೋಚಿಸಿ ನಿದ್ದೆಗೆಟ್ಟಿದ್ದೆ. ತಲೆ ಸಿಡಿಯುತ್ತಿತ್ತು.

"ನಿಲಯ ನೋಡಬಹುದಾ?" ಎಂದರು ಹೆಂಗಸು.

"ನೋಡಿ. ಬೇಗ ಬಂದುಬಿಟ್ಟಿರಿ, ಹೊರದೇಶದವರು ಇನ್ನೂ ಬಂದಿಲ್ಲ."

"ಎಲ್ಲಿಗೆ ಹೋಗಿದಾರೆ?"

"ಪಕ್ಕದ ಹಾಸ್ಟೆಲಲ್ಲಿ ತಿಂಡಿ ತಿಂತಿದಾರೆ. ಅಲ್ಲೇ ಅವರಿರೋದು." ಬಾಗಿಲು ಬಾಗಿಲು ತೆಗೆದು ತೋರಿಸಿದೆ. "ಇದು ಖಾಲಿ. ಇದೂ ಖಾಲಿ. ಈ ಫಲಕದ ಹೆಸರಿನೋಳು ಹುಟ್ಟೇ ಇಲ್ಲ. ಈ ಮಂಚದ ಮೇಲೆ ನಿಮ್ಮವರೊಬ್ಬರು ಎರಡು ಸಲ ನಿದ್ದೆ ಮಾಡಿದಾರೆ, ನಿಮಗೂ ಬೇಕಾದರೆ ಹೊದಿಕೆ ಕೊಡ್ತೀನಿ."

ಮುದುಕರು ಕಿವಿಯ ಮಿಷನ್ ಸರಿಮಾಡಿಕೊಂಡರು. ಮೊದಲ ಎರಡು ಸಮಿತಿಗಿಂತ ಇವರು ಪರವಾಗಿಲ್ಲ, ಪಾತ್ರವನ್ನು ಗಂಭೀರವಾಗಿ ಮಾಡುತ್ತಿದ್ದಾರೆ ಎಂದುಕೊಂಡೆ. ಚಿಕಿತ್ಸಾಲಯ ಎಲ್ಲಿ ಎಂದರು. ಕಿಟಕಿಯಿಂದ ತೋರಿಸಿದೆ.

"ಬೀಗ ಹಾಕಿ ಮೂರು ತಿಂಗಳಾಯ್ತು. ನೀವು ನೋಡುವಾಗ ಹೊಳೀಬೇಕಲ್ಲ, ಅದಕ್ಕೆ. ಮಂಡಿ ನೋವಿನವರು, ಸೊಂಟ ಹಿಡಿದವರು ಗೇಟಿನ ತನಕ ಕುಂಟಿಕೊಂಡು ಬಂದು ವಾಪಸ್ ಹೋಗ್ತಾರೆ. ಕಲಿಯೋಕೆ ಅಂತ ಅಷ್ಟು ದೂರದಿಂದ ಬಂದ ಮಗೂನ ಮೈದಾನದಲ್ಲಿ ಓಡಿಸಿ ಫೋಟೋ ತೆಗೀತಾರೆ. ಕೈಗೆ ಒಬ್ಬ ರೋಗೀನ ಕೊಡೋಕೆ ಆಗಲಿಲ್ಲ. ಇದು ವಿಶ್ವವಿದ್ಯಾಲಯವೋ, ಫೋಟೋ ಸ್ಟುಡಿಯೋವೋ ನೀವೇ ಹೇಳಿ."

ಹೆಂಗಸು ಊಟದ ಮನೆಯ ಗೋಡೆಯ ಮುಂದೆ ನಿಂತರು. "ಇದೊಂದು ಯಾಕೆ ಬಣ್ಣ ಕಂಡಿಲ್ಲ? ಈ ಗೀಟುಗಳೇನು?"

"ಅದು ನನ್ನ ಹೆಗಲು" ಎಂದೆ.

ವಿವರಿಸಬೇಕಾಯಿತು. ಇಲ್ಲಿದ್ದದ್ದು ಇಲ್ಲಿಗೆ ಬಂತು, ಈ ವಾರ ಸರಿಯಾಗಿ ಬರಲಿಲ್ಲ, ಈ ವಾರ ನಾನು ಅತ್ತಿದ್ದೆ, ಇದರ ಪಕ್ಕದ ಚುಕ್ಕಿ ಶುಕ್ರವಾರದ ಮೇಡಂ ಇಟ್ಟದ್ದು. ತೋರಿಸಿ ಎಂದರು ಮುದುಕರು. ನನಗಿನ್ನೂ ಕೋಪ ಇಳಿದಿರಲಿಲ್ಲ. ಗೋಡೆಯ ಮೇಲೆ ಬೆರಳಿಟ್ಟು ನಡೆಸಿದೆ. ನೋಯಿತು, ಆದರೂ ನಡೆಸಿದೆ. ಎಲ್ಲ ಗೀಟುಗಳನ್ನೂ ದಾಟಿ ಮೇಲೆ ಹೋಗಿ ನಿಂತೆ.

"ಪೆನ್ಸಿಲ್ ಇದೆಯಾ ನಿಮ್ಮ ಹತ್ರ? ಗೀಟು ಹಾಕಿ ಬೇಗ, ಕೈ ನೋಯ್ತಿದೆ" ಎಂದೆ. ಮುದುಕರು ಜೇಬಿನಿಂದ ಪೆನ್ನು ತೆಗೆದು ಗೀಟು ಹಾಕಿದರು. ಸ್ವಲ್ಪ ಸೊಟ್ಟಗಿದೆ.

ಬಿಸ್ಕತ್ತು ಬೇಡವೆಂದರು. ಹೋಗುವಾಗ ಹೆಂಗಸು, "ಹುಡುಗಿ ಯಾವ ಹೊತ್ತಿಗೆ ಸಿಗ್ತಾಳೆ?" ಎಂದು ಕೇಳಿದರು. ಹನ್ನೊಂದಕ್ಕೆ ಗ್ರಂಥಾಲಯದಲ್ಲಿ ಎಂದೆ. ಎಲ್ಲ ಹೇಳಿಬಿಟ್ಟದ್ದಕ್ಕೆ ಮೈ ಹಗುರವಾಗಿದೆ.

ನವೆಂಬರ್ 17, ಮಧ್ಯಾಹ್ನ

ತುರ್ತು ಸಾಹೇಬರ ಫೋನು. "ಮೇಡಂ, ಅಣಕು ಸಮಿತಿಯವರು ಮೂರು ಗಂಟೆಗೆ ಬರ್ತಾರೆ. ಹುಡುಗೀರನ್ನ ಈಗಲೇ ಕೋಣೆಗಳಲ್ಲಿ ಕೂರಿಸಿಬಿಡಿ."

ಆಯಿತು ಸಾರ್ ಎಂದೆ. ಹಾಗಾದರೆ ಬೆಳಿಗ್ಗೆ ಬಂದವರು ಯಾರು ಎಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ನವೆಂಬರ್ 18

ಹುಡುಗಿಗೆ ನಿನ್ನೆಯೇ ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ. ಇವತ್ತು ಅವಳೇ ಗೋಡೆಯ ಮುಂದೆ ನಿಂತು, "ಅತ್ತೆ, ಈ ಸೊಟ್ಟ ಗೀಟು ಯಾರದು?" ಎಂದಳು.

ಹೇಳಿದೆ. ಒಂದೂ ಬಿಡದೆ ಹೇಳಿದೆ. ಗ್ರಂಥಾಲಯದಲ್ಲಿ ತನ್ನ ಪಕ್ಕ ಬಂದು ಕೂತು ಮಾತಾಡಿಸಿದವರು ಯಾರೆಂದು ಅವಳಿಗೂ ಆಗ ಗೊತ್ತಾಯಿತು.

"ಅಯ್ಯೋ ಅತ್ತೆ! ನಿಮಗೇನು ತಲೆ ಕೆಟ್ಟಿದೆಯಾ?" ಎಂದು ಕಿರುಚಿದಳು. ಥೇಟು ನನ್ನದೇ ದನಿ. ಆಮೇಲೆ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು. ಕೈಯಲ್ಲಿದ್ದ ಪೆನ್ಸಿಲನ್ನು ತಿರುಗಿಸುತ್ತ "ಪರವಾಗಿಲ್ಲ" ಎಂದಳು.

ಆ ಮಾತು ಅವಳು ಹೇಳದೆ ಒಂದು ತಿಂಗಳ ಮೇಲಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು. ಆ ಹುಡುಗಿಯ ಬದುಕಿಗೆ ನನ್ನ ಬಾಯಿಂದ ಕಲ್ಲು ಬಿತ್ತು.

ನವೆಂಬರ್ 19

ಸಮಿತಿ ಹೂವಿನ ಕುಂಡಗಳ ಸಾಲಿನ ನಡುವೆ ಬಂತು. ಸರಪಳಿ ಕನ್ನಡಕ, ಕಿವಿ ಮಿಷನ್, ಇನ್ನಿಬ್ಬರು. ತುರ್ತು ಸಾಹೇಬರು ಹೊಸ ಸೂಟಿನಲ್ಲಿ ಮುಂದೆ. ಐದು ಕೋಣೆಗಳಲ್ಲಿ ಐವರು ಹುಡುಗಿಯರು ಏನೂ ಅರ್ಥವಾಗದ ಹಾಗೆ ಕೂತಿದ್ದರು. ಹೆಂಗಸು ಒಬ್ಬಳ ಹತ್ತಿರ ಹೋಗಿ, "ತಿಂಡಿ ಆಯ್ತೇನಮ್ಮ?" ಎಂದರು. "ಆಯ್ತು ಆಂಟಿ" ಎಂದಳು. ಸಾಹೇಬರು, ನೋಡಿ, ಭಾಷೆಯನ್ನೂ ಎಷ್ಟು ಬೇಗ ಕಲಿಸಿದ್ದೇವೆ ಎಂದರು.

ನನ್ನ ಕಡೆ ಅವರಿಬ್ಬರೂ ತಿರುಗಿಯೂ ನೋಡಲಿಲ್ಲ. ಮುದುಕರು ಮಾತ್ರ ಗೋಡೆಯ ಮುಂದೆ ಒಂದು ಕ್ಷಣ ನಿಂತು ತಮ್ಮ ಗೀಟು ನೋಡಿಕೊಂಡರು. ಒಣಗಿದ ಮೇಲೆ ಬಣ್ಣ ಹೊಡೆಸುತ್ತೇವೆ ಎಂದರು ಸಾಹೇಬರು.

ನವೆಂಬರ್ 28

ಏನೂ ಸುದ್ದಿಯಿಲ್ಲ. ದಿನವೂ ಗೋಡೆ. ಇಬ್ಬರೂ ಮಾತು ಕಮ್ಮಿ ಮಾಡಿದ್ದೇವೆ. ಬಡಗಿಯ ಅರ್ಜಿ ಏನಾಯಿತೆಂದು ಕೇಳಿದ್ದಕ್ಕೆ ಸರದಿಯಲ್ಲಿದೆ ಎಂದರು.

ಡಿಸೆಂಬರ್ 5

ಬಂತು.

ತುರ್ತು ಸಾಹೇಬರು ಕರೆಸಿ ವರದಿಯನ್ನು ಮುಂದೆ ಹಾಕಿದರು. ಸಿಬ್ಬಂದಿ ವಿನಿಮಯ: ಇಲ್ಲ. ಬೇರೆ ವಿಭಾಗಗಳಿಗೆ: ಇಲ್ಲ. ಫಿಸಿಯೋಥೆರಪಿ ವಿಭಾಗಕ್ಕೆ ಮಾತ್ರ, ಒಂದು ವರ್ಷದ ಮಟ್ಟಿಗೆ, ಈ ಸೆಮಿಸ್ಟರಿನಿಂದಲೇ ಅನ್ವಯಿಸುವಂತೆ ಮಾನ್ಯತೆ ನೀಡಲಾಗಿದೆ. ವಿದ್ಯಾರ್ಥಿಗಳ ಸಂಖ್ಯೆ ನಿಲಯದಲ್ಲಿ ನಿಜವಾಗಿ ವಾಸವಿರುವವರ ಸಂಖ್ಯೆಯನ್ನು ಮೀರತಕ್ಕದ್ದಲ್ಲ. ಅಂದರೆ ಒಂದು. ಚಿಕಿತ್ಸಾಲಯದ ಬೀಗ ಕೂಡಲೇ ತೆಗೆಯತಕ್ಕದ್ದು. ಕಾರಣದ ಕಡೆ ಒಂದೇ ಸಾಲು: "ಚಿಕಿತ್ಸಾಲಯ ಮುಚ್ಚಿತ್ತು, ಚಿಕಿತ್ಸೆ ನಡೆಯುತ್ತಿತ್ತು."

ಅದನ್ನು ಎರಡು ಸಲ ಓದಿದೆ. ಸಾಹೇಬರು ಕೂರಿ ಎನ್ನದಿದ್ದರೂ ಕೂತೆ.

"ಏನ್ ಹೇಳಿದ್ರಿ ಮೇಡಂ ನೀವು ಅವರಿಗೆ?"

"ಕೇಳಿದ್ದಕ್ಕೆ ಉತ್ತರ ಹೇಳಿದೆ ಸಾರ್."

ನನಗೆ ಕಾರಣ ಕೇಳುವ ನೋಟಿಸು ಕೊಟ್ಟರು. ಮಾನ್ಯತೆ ದೊರಕಿಸಿದ್ದಕ್ಕೆ ಅಭಿನಂದನಾ ಪತ್ರವನ್ನೂ ಕೊಟ್ಟರು. ಎರಡಕ್ಕೂ ಒಂದೇ ದಿನಾಂಕ. ಹೊರಗೆ ಬರುವಷ್ಟರಲ್ಲಿ ಮಾನ್ಯತೆಯ ಬ್ಯಾನರು ಕಟ್ಟುತ್ತಿದ್ದರು. ಅದರಲ್ಲಿ ಸೂಟು ಹಾಕಿದ ಸಾಹೇಬರ ಫೋಟೋ, ಪಕ್ಕದಲ್ಲಿ ಬೇರೆ ಬೇರೆ ಅಂಗಿ ತೊಟ್ಟ ಎಂಟು ಹುಡುಗಿಯರು. ಎಂಟೂ ನಮ್ಮವಳೇ.

ನಾನು ಓಡಿದೆ. ಈ ವಯಸ್ಸಿನಲ್ಲಿ ಓಡಬಾರದು. ಅವಳು ಊಟದ ಮನೆಯಲ್ಲಿ ಬಿಸಿನೀರಿಗೆ ಬಟ್ಟೆ ಅದ್ದುತ್ತಿದ್ದಳು. ಹೇಳಿದೆ. ಬಟ್ಟೆಯನ್ನು ಹಿಂಡಿದಳು, ಮಡಿಸಿದಳು, ಮೇಜಿನ ಮೇಲಿಟ್ಟಳು, ಆಮೇಲೆ ನನ್ನ ಕುತ್ತಿಗೆ ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟಳು. ನಾನೂ ಅತ್ತೆ, ಮುಚ್ಚುಮರೆ ಏನು. ಅವಳ ಬೆನ್ನು ತಟ್ಟಿದ್ದು ಬಲಗೈಯಲ್ಲೋ ಎಡಗೈಯಲ್ಲೋ ನೆನಪಿಲ್ಲ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಈಗ ಎಲ್ಲ ಹೇಳಿದಳು. ಆ ಕಡೆಯಿಂದ ಐದು ನಿಮಿಷ ಒಂದೇ ಸಮನೆ ಕೂಗಾಟ ಕೇಳಿಸಿತು. ಭಾಷೆ ಗೊತ್ತಿಲ್ಲದಿದ್ದರೂ ಬೈಗುಳವೆಂದು ತಿಳಿಯಿತು. ಮುಂಚೆ ಯಾಕೆ ಹೇಳಲಿಲ್ಲ ಎಂದಿರಬೇಕು. ನಾನಾದರೂ ಅದನ್ನೇ ಕೇಳುತ್ತಿದ್ದೆ.

ಡಿಸೆಂಬರ್ 12

ಹೋದಳು. ಬೆಳಿಗ್ಗೆಯ ಗಾಡಿ. "ದಿನಾ ಗೋಡೆ ಹತ್ತಬೇಕು ಅತ್ತೆ. ಮೋಸ ಮಾಡಿದ್ರೆ ನನಗೆ ಗೊತ್ತಾಗುತ್ತೆ" ಎಂದಳು. ಹೇಗೆ ಗೊತ್ತಾಗುತ್ತದೋ. ಹೂಂ ಎಂದೆ. ಅಲ್ಲಾಡುವ ಮಂಚದ ಕಾಲಿಗೆ ಮಡಿಸಿದ ಕಾಗದ ಸಿಕ್ಕಿಸಿ ಹೋಗಿದ್ದಾಳೆ, ಮುಂದೆ ಬರುವವರಿಗೆ ಎಂದು.

ಐದನೇ ಕೋಣೆಯ ದೀಪ ಉರಿಯುತ್ತಲೇ ಇತ್ತು. ಹೋಗುವ ಗಡಿಬಿಡಿಯಲ್ಲಿ ಮರೆತಿದ್ದಾಳೆ. ಇರಲಿ ಎಂದು ಬಿಟ್ಟೆ, ಕತ್ತಲಾದ ಮೇಲೆ ಆರಿಸಿದರಾಯಿತು.

ತಮ್ಮ ಫೋನ್ ಮಾಡಿ, "ಮತ್ತೆ ಖಾಲಿ ಮನೆ ಕಾವಲಾ ಅಕ್ಕಾ?" ಎಂದ. ಹೌದು ಎಂದೆ. ನನಗೆ ಬೇಜಾರಾಗಿದೆ ಕಣೋ ಎಂದೂ ಹೇಳಿದೆ. ಅವನು ಮಗಳ ಕೈಗೆ ಫೋನ್ ಕೊಟ್ಟ. ಊಟ ಮಾಡಿ, ಪಾತ್ರೆ ತೊಳೆದು, ಎರಡೂ ಚಿಲಕ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ನಿದ್ದೆ ಬರುತ್ತಿಲ್ಲ.

ಡಿಸೆಂಬರ್ 16

ಇವತ್ತು ಬಡಗಿ ಬಂದ. ಅವನ ಕೈಯಲ್ಲಿ ಜುಲೈನಲ್ಲಿ ಕೊಟ್ಟ ಅರ್ಜಿ, ಮೇಲೆ ನನ್ನದೇ ಕೈಬರಹ.

"ಯಾವ ಚಿಲಕಮ್ಮ?"

"ಮೇಲಿಂದು. ಅದನ್ನ ಕಿತ್ತು ಕೆಳಗೆ ಹಾಕಬೇಕು."

"ಏನಾಗಿದೆ ಅದಕ್ಕೆ?"

"ಕೈಗೆ ಸಿಗಲ್ಲ ಕಣಪ್ಪ, ನೋಡು" ಎಂದು ತೋರಿಸಲು ಹೋದೆ. ಕೈ ಮೇಲೆ ಹೋಯಿತು. ಚಿಲಕ ಸಿಕ್ಕಿತು. ಎಳೆದೆ, ಬಂತು. ತಳ್ಳಿದೆ, ಕೂತಿತು.

"ಸರಿಯಾಗೇ ಇದೆಯಲ್ಲಮ್ಮ" ಎಂದ ಬಡಗಿ.

ನಾನು ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಿದ್ದೆ. ನೋಯುತ್ತಿರಲಿಲ್ಲ. ನೋಯದೆ ಎಷ್ಟು ದಿನವಾಯಿತೋ, ಯಾವತ್ತಿನಿಂದ ಈ ಚಿಲಕ ಹಾಕುತ್ತಿದ್ದೇನೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕಣ್ಣು ತುಂಬಿಕೊಂಡಿತು. ಬಡಗಿ ಪಾಪ, ತಾನೇನು ತಪ್ಪು ಮಾತಾಡಿದೆನೋ ಎಂದು ಉಳಿ ಸುತ್ತಿಗೆ ಎತ್ತಿಟ್ಟುಕೊಂಡ.

"ಬಂದ ಮೇಲೆ ಕೆಲಸ ಆಯ್ತು ಅಂತ ಒಂದು ಸಹಿ ಬೇಕಲ್ಲಮ್ಮ" ಎಂದು ಚೀಟಿ ಚಾಚಿದ. ಸಹಿ ಹಾಕಿದೆ. ಅದರ ಕೆಳಗೆ, ಕೆಲಸ ಮಾಡಿದವರು ಎನ್ನುವ ಕಡೆ ಅವನು ತನ್ನ ಹೆಸರು ಬರೆಯಲು ಹೋದ.

"ತಡಿ" ಎಂದೆ. ಪೆನ್ನು ಇಸಿದುಕೊಂಡು, ಐದನೇ ಕೋಣೆ ಎಂದು ಬರೆದುಕೊಟ್ಟೆ.